ಜಾಕ್ ಚಾರ್ಲ್‌ಟನ್ ಅವರ ತಲೆ: ಡಿಫೆಂಡರ್‌ಗಳಿಗೆ ಮರೆವಿನ ಕಾಯಿಲೆ ಯಾಕೆ ಜಾಸ್ತಿ?

ಫುಟ್‌ಬಾಲ್ ಮೈದಾನದಲ್ಲಿ ಗೋಲ್‌ಕೀಪರ್‌ಗೂ ಅವನ ಮುಂದೆ ನಿಲ್ಲುವ ಡಿಫೆಂಡರ್‌ಗೂ ನಡುವೆ ಇರುವುದು ಹತ್ತಿಪ್ಪತ್ತು ಹೆಜ್ಜೆ. ಇಬ್ಬರೂ ಒಂದೇ ಮಳೆಯಲ್ಲಿ ನೆನೆಯುತ್ತಾರೆ. ಒಂದೇ ಬಸ್ಸಿನಲ್ಲಿ ಊರಿಗೆ ಮರಳುತ್ತಾರೆ. ಆದರೆ ಅರವತ್ತು, ಎಪ್ಪತ್ತು ದಾಟಿದ ಮೇಲೆ ಇಬ್ಬರ ಪಾಡು ಬೇರೆ ಬೇರೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ವೈದ್ಯ ವಿಲ್ಲಿ ಸ್ಟೀವರ್ಟ್ ಮತ್ತು ಸಂಗಡಿಗರು 2021ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಮಿದುಳು ಸವೆಯುವ ಕಾಯಿಲೆಗಳ ಅಪಾಯ ಗೋಲ್‌ಕೀಪರ್‌ಗಳಿಗೆ ಸಾಮಾನ್ಯ ಜನರಿಗಿಂತ ಜಾಸ್ತಿ ಎಂದು ಖಚಿತವಾಗಿ ಹೇಳುವಂತಿಲ್ಲ. ಡಿಫೆಂಡರ್‌ಗಳಿಗೆ ಮಾತ್ರ ಸುಮಾರು 5 ಪಟ್ಟು.

ಒಂದೇ ಆಟ, ಒಂದೇ ತಂಡ. ವ್ಯತ್ಯಾಸ ಎಲ್ಲಿದೆ? ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಹಿಡಿಯುತ್ತಾನೆ. ಡಿಫೆಂಡರ್ ಅದನ್ನು ತಲೆಯಿಂದ ಹೊಡೆಯುತ್ತಾನೆ.

ಈ ಅಂಕಿಯನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ಜಾಕ್ ಚಾರ್ಲ್‌ಟನ್. 1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಸೆಂಟರ್ ಹಾಫ್, ಅಂದರೆ ಗೋಲಿನ ಮುಂದೆ ನಡುವಿನಲ್ಲಿ ನಿಲ್ಲುವ ಡಿಫೆಂಡರ್. ಅದೇ ತಂಡದಲ್ಲಿದ್ದ ಅವರ ತಮ್ಮ ಬಾಬಿ ಚಾರ್ಲ್‌ಟನ್ ಹೆಸರು ಗೊತ್ತಿರುವಷ್ಟು ನಮ್ಮಲ್ಲಿ ಅಣ್ಣನ ಹೆಸರು ಗೊತ್ತಿಲ್ಲ. ಆದರೆ ಈ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಲು ಅಣ್ಣನ ಬದುಕೇ ಬೇಕು.

ಜಾಕ್ ಹುಟ್ಟಿದ್ದು 1935ರ ಮೇ 8ರಂದು, ಇಂಗ್ಲೆಂಡಿನ ಉತ್ತರ ತುದಿಯ ನಾರ್ಥಂಬರ್‌ಲ್ಯಾಂಡ್‌ನಲ್ಲಿರುವ ಆಶಿಂಗ್‌ಟನ್ ಎಂಬ ಊರಿನಲ್ಲಿ. ಕಲ್ಲಿದ್ದಲಿನಿಂದ ಹುಟ್ಟಿ, ಕಲ್ಲಿದ್ದಲಿನಿಂದಲೇ ಬದುಕಿದ ಊರು ಅದು. ಅಪ್ಪ ಬಾಬ್ ಗಣಿ ಕಾರ್ಮಿಕ. ಅಮ್ಮ ಸಿಸ್ಸಿಯ ತವರಿನಲ್ಲಿ ಮಾತ್ರ ಮನೆತುಂಬ ಫುಟ್‌ಬಾಲ್. ಆಕೆಯ ನಾಲ್ವರು ಸೋದರರು ವೃತ್ತಿಪರ ಆಟಗಾರರು. ನ್ಯೂಕಾಸಲ್ ಜನ ಇಂದಿಗೂ ಕೊಂಡಾಡುವ ಜಾಕಿ ಮಿಲ್‌ಬರ್ನ್ ಅದೇ ಮನೆತನದವರು.

ಹದಿನೈದನೇ ವಯಸ್ಸಿಗೆ ಜಾಕ್ ಕೂಡ ಗಣಿಗೆ ಸೇರಿದರು. ಭೂಮಿಯ ಒಳಗೆ ಹೋಗಿ ನೋಡಿದರು. ಬೇಡವೇ ಬೇಡ ಅನ್ನಿಸಿತು. ಕೆಲಸ ಬಿಟ್ಟು ಪೊಲೀಸ್ ಇಲಾಖೆಗೆ ಅರ್ಜಿ ಹಾಕಿದರು. ಅಷ್ಟರಲ್ಲಿ ಲೀಡ್ಸ್ ಯುನೈಟೆಡ್ ಕ್ಲಬ್ ಟ್ರಯಲ್‌ಗೆ ಕರೆಯಿತು. ಎರಡೂ ಒಂದೇ ಸಮಯಕ್ಕೆ ಬಂದವು. ಜಾಕ್ ಆರಿಸಿಕೊಂಡದ್ದು ಚೆಂಡನ್ನು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಕಾಲದ ಗಣಿಯ ಹುಡುಗನಿಗೆ ಫುಟ್‌ಬಾಲ್ ಎಂದರೆ ಬರೀ ಹೆಸರು ಮಾಡುವ ದಾರಿಯಲ್ಲ. ಧೂಳಿನಿಂದ ತಪ್ಪಿಸಿಕೊಳ್ಳುವ ದಾರಿ. ಗಣಿಗೆ ಇಳಿದವರ ಎದೆಯಲ್ಲಿ ಏನು ಕೂರುತ್ತದೆ ಎಂಬುದನ್ನು ಆಶಿಂಗ್‌ಟನ್‌ನ ಮಕ್ಕಳು ನೋಡುತ್ತಲೇ ಬೆಳೆದವರು. ನಮ್ಮ ಕೋಲಾರದ ಚಿನ್ನದ ಗಣಿಯ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋಲಾರದಲ್ಲಿ ಕಲ್ಲಿನ ಧೂಳು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯಾಗಿ ಕಾಡಿತು, ಆಶಿಂಗ್‌ಟನ್‌ನಲ್ಲಿ ಕಲ್ಲಿದ್ದಲಿನ ಧೂಳು ಕಾಡಿತು. ಅದನ್ನು ಬಿಟ್ಟು ಹಸಿರು ಮೈದಾನಕ್ಕೆ ಬಂದ ಹುಡುಗನಿಗೆ ಹೊಸ ಕೆಲಸದಲ್ಲೂ ಒಂದು ಕಾಯಿಲೆ ಇರಬಹುದು ಎಂದು ಯಾರೂ ಹೇಳಲಿಲ್ಲ. ಹೇಳುವವರಿಗೂ ಗೊತ್ತಿರಲಿಲ್ಲ.

ಲೀಡ್ಸ್ ಪರ ಜಾಕ್ ಮೊದಲ ಪಂದ್ಯ ಆಡಿದ್ದು 1953ರಲ್ಲಿ. ಕೊನೆಯದು 1973ರಲ್ಲಿ. ಒಟ್ಟು 773 ಪಂದ್ಯ. ಆ ಕ್ಲಬ್ಬಿನಲ್ಲಿ ಇದು ಇಂದಿಗೂ ದಾಖಲೆ. 1969ರಲ್ಲಿ ಲೀಗ್ ಗೆದ್ದರು, 1972ರಲ್ಲಿ ಎಫ್‌ಎ ಕಪ್ ಗೆದ್ದರು. 1967ರಲ್ಲಿ ವರ್ಷದ ಆಟಗಾರ ಪ್ರಶಸ್ತಿಯೂ ಬಂತು. ಆದರೆ ಮೊದಲ ಹತ್ತು ವರ್ಷ ಅವರನ್ನು ದೊಡ್ಡ ಆಟಗಾರ ಎಂದು ಯಾರೂ ಎಣಿಸಿರಲಿಲ್ಲ. ಲೀಡ್ಸ್ ಆಗ ಹೆಚ್ಚಿನ ವರ್ಷ ಎರಡನೇ ದರ್ಜೆಯಲ್ಲಿ ಒದ್ದಾಡುತ್ತಿತ್ತು. ಮ್ಯಾನೇಜರ್ ಡಾನ್ ರೆವಿ ಜೊತೆ ಜಾಕ್‌ಗೆ ಜಗಳಗಳೂ ಇದ್ದವು. ಇಂಗ್ಲೆಂಡ್ ತಂಡಕ್ಕೆ ಕರೆ ಬಂದದ್ದು 1965ರ ಏಪ್ರಿಲ್‌ನಲ್ಲಿ. ಆಗ ಅವರಿಗೆ ಮೂವತ್ತು ತುಂಬಲು ಕೆಲವೇ ವಾರ ಬಾಕಿ.

ನನ್ನನ್ನು ಯಾಕೆ ಆರಿಸಿದಿರಿ ಎಂದು ಜಾಕ್ ಒಮ್ಮೆ ಕೋಚ್ ಆಲ್ಫ್ ರ‍್ಯಾಮ್ಸಿ ಅವರನ್ನು ಕೇಳಿದರಂತೆ. ನಾನು ಯಾವಾಗಲೂ ಅತ್ಯುತ್ತಮ ಆಟಗಾರರನ್ನೇ ಆರಿಸುವುದಿಲ್ಲ, ನನ್ನ ಆಟಕ್ಕೆ ಹೊಂದುವವರನ್ನು ಆರಿಸುತ್ತೇನೆ ಎಂಬ ಅರ್ಥದ ಉತ್ತರ ಬಂತಂತೆ. ಈ ಕಥೆಯನ್ನು ಜಾಕ್ ತಾವೇ ಹೇಳಿ ನಗುತ್ತಿದ್ದರು. ನನಗೆ ಇದರಲ್ಲಿ ಕಾಣುವುದು ಬೇರೆಯೇ. ಪಕ್ಕದಲ್ಲಿ ಬಾಬಿ ಮೂರ್ ಇದ್ದರು. ಚೆಂಡನ್ನು ಕಾಲಲ್ಲಿ ಹಿಡಿದು, ತಲೆ ಎತ್ತಿ ನೋಡಿ, ಸಲೀಸಾಗಿ ಮುಂದಕ್ಕೆ ಕೊಡುವ ನಾಯಕ. ಅವರು ಹಾಗೆ ಆಡಬೇಕಾದರೆ ಮೇಲಿಂದ ಬರುವ ಚೆಂಡನ್ನೆಲ್ಲ ಇನ್ನೊಬ್ಬರು ನೋಡಿಕೊಳ್ಳಬೇಕು. ಜಾಕ್ ಆರು ಅಡಿಗಿಂತ ಎತ್ತರ, ಕತ್ತು ಉದ್ದ. ಜಿರಾಫೆ ಎಂದೇ ಕರೆಯುತ್ತಿದ್ದರು. ಆ ಕೆಲಸ ಅವರ ಪಾಲಿಗೆ ಬಂತು.

ತಮ್ಮ ತಂಡಕ್ಕೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಅವಕಾಶ, ಸಿಕ್ಕಾಗಲೂ ಅವರದೊಂದು ತಂತ್ರ ಇತ್ತು. ನೇರವಾಗಿ ಹೋಗಿ ಗೋಲ್‌ಕೀಪರ್‌ನ ಮುಂದೆ, ಗೋಲಿನ ಗೆರೆಯ ಹತ್ತಿರವೇ ನಿಲ್ಲುತ್ತಿದ್ದರು. ಗೋಲ್‌ಕೀಪರ್‌ಗೆ ಚೆಂಡೂ ಕಾಣದು, ಜಾಗವೂ ಸಿಗದು. ಚೆಂಡು ಬಂದರೆ ಜಾಕ್ ತಲೆ ಸಿದ್ಧ. ಡಿಫೆಂಡರ್ ಆಗಿದ್ದೂ ಲೀಗ್ ಪಂದ್ಯಗಳಲ್ಲೇ 70 ಗೋಲು ಹೊಡೆದರು. ಇಂದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಕಾರ್ನರ್ ಬಂದಾಗಲೆಲ್ಲ ಗೋಲ್‌ಕೀಪರ್ ಸುತ್ತ ಜನ ಮುತ್ತುತ್ತಾರಲ್ಲ, ಆ ಉಪಾಯವನ್ನು ಮನೆಮಾತು ಮಾಡಿದವರಲ್ಲಿ ಜಾಕ್ ಒಬ್ಬರು.

ತಲೆಯಿಂದ ಚೆಂಡು ಹೊಡೆಯುವುದಕ್ಕೆ ಹೆಡರ್ ಎನ್ನುತ್ತಾರೆ. ಒಂದು ಪಂದ್ಯಕ್ಕೆ ಹತ್ತು ಹೆಡರ್ ಎಂದು ಸುಮ್ನೆ ಇಟ್ಟುಕೊಳ್ಳೋಣ. 773 ಪಂದ್ಯಕ್ಕೆ 7,730 ಆಯಿತು. ಅಭ್ಯಾಸದ ಲೆಕ್ಕ ಇದರಲ್ಲಿ ಸೇರಿಲ್ಲ. ನಿಜವಾದ ಹೊಡೆತ ಇರುವುದೇ ಅಭ್ಯಾಸದಲ್ಲಿ. ಪಂದ್ಯ ವಾರಕ್ಕೆ ಒಂದೋ ಎರಡೋ. ಅಭ್ಯಾಸ ಹೆಚ್ಚುಕಡಿಮೆ ದಿನವೂ ಇರುತ್ತದೆ.

ಹೆಡ್ ಮಾಡಿದಾಗ ಒಳಗೆ ಏನಾಗುತ್ತದೆ? ತುಂಬ ಜನ ಅಂದುಕೊಂಡಿರುವುದು, ತಲೆಗೆ ಜೋರಾಗಿ ಪೆಟ್ಟು ಬಿದ್ದು ಕಣ್ಣು ಕತ್ತಲಾದರೆ ಮಾತ್ರ ತೊಂದರೆ ಎಂದು. ಅದು ಒಂದು ಬಗೆ. ಇಲ್ಲಿ ಮಾತು ಇನ್ನೊಂದು ಬಗೆಯದು. ಡಬ್ಬದಲ್ಲಿ ಗಟ್ಟಿ ಮೊಸರು ತೆಗೆದುಕೊಂಡು ಬಸ್ಸಿನಲ್ಲಿ ಹೋಗಿ ನೋಡಿ. ಡ್ರೈವರ್ ಬ್ರೇಕ್ ಹಾಕಿದಾಗ ಡಬ್ಬ ನಿಲ್ಲುತ್ತದೆ, ಮೊಸರು ಅಲುಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಮಿದುಳು ಕೂಡ ಹಾಗೆಯೇ ಮೆತ್ತಗಿನದು, ತಲೆಬುರುಡೆಯೊಳಗೆ ನೀರಿನಂಥ ದ್ರವದಲ್ಲಿ ಕೂತಿರುತ್ತದೆ. ದೂರದಿಂದ ಒದ್ದ ಚೆಂಡು ಹಣೆಗೆ ಬಡಿದಾಗ ತಲೆ ಥಟ್ಟನೆ ತಿರುಗುತ್ತದೆ, ಒಳಗಿನದು ಎಳೆದಾಡುತ್ತದೆ. ನರಗಳ ಸಣ್ಣ ಎಳೆಗಳು ಹಿಗ್ಗುತ್ತವೆ. ಒಂದು ಸಲಕ್ಕೆ ಏನೂ ಅನ್ನಿಸುವುದಿಲ್ಲ. ಸಾವಿರ ಸಲ, ಹತ್ತು ಸಾವಿರ ಸಲ ಆದಾಗ ಕೆಲವರ ಮಿದುಳಿನಲ್ಲಿ ಟೌ ಎಂಬ ಪ್ರೋಟೀನ್ ಗಂಟುಗಂಟಾಗಿ ಸೇರಿಕೊಳ್ಳುತ್ತದೆ. ಇದಕ್ಕೆ ವೈದ್ಯರು ಸಿಟಿಇ ಎನ್ನುತ್ತಾರೆ. ಬದುಕಿದ್ದಾಗ ಇದನ್ನು ಖಚಿತವಾಗಿ ಪತ್ತೆ ಹಚ್ಚಲು ಆಗುವುದಿಲ್ಲ. ಸತ್ತ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ತಿಳಿಯುವುದು.

ಹಾಗೆ ತಿಳಿದುಬಂದ ಮೊದಲ ದೊಡ್ಡ ಹೆಸರು ಜೆಫ್ ಆಸ್ಲ್. ವೆಸ್ಟ್ ಬ್ರಾಮ್ ತಂಡದ ಸ್ಟ್ರೈಕರ್, ಹೆಡರ್‌ಗೆ ಹೆಸರಾದವರು. 2002ರಲ್ಲಿ 59ನೇ ವಯಸ್ಸಿನಲ್ಲಿ ತೀರಿಕೊಂಡರು. ಸಾವಿನ ತನಿಖೆ ಮಾಡಿದ ಅಧಿಕಾರಿ ಇದನ್ನು ಕೆಲಸದಿಂದ ಬಂದ ಕಾಯಿಲೆ ಎಂದೇ ಬರೆದರು. ಅಂದರೆ ಚೆಂಡು ಅವರ ಪಾಲಿನ ಗಣಿ ಧೂಳು. ಅಷ್ಟು ಸ್ಪಷ್ಟವಾದ ತೀರ್ಮಾನ ಬಂದ ಮೇಲೂ ಹತ್ತು ಹನ್ನೆರಡು ವರ್ಷ ಏನೂ ಆಗಲಿಲ್ಲ. ಆಗ ಶುರು ಮಾಡಿದ ಅಧ್ಯಯನದಿಂದ ಫಲ ಸಿಗಲಿಲ್ಲ. 2014ರಲ್ಲಿ ವಿಲ್ಲಿ ಸ್ಟೀವರ್ಟ್ ಆಸ್ಲ್ ಅವರ ಮಿದುಳನ್ನು ಮತ್ತೆ ಪರೀಕ್ಷಿಸಿ ಸಿಟಿಇ ಇದ್ದುದನ್ನು ಹೇಳಿದರು. ಮಗಳು ಡಾನ್ ಆಸ್ಲ್ ಬೆನ್ನು ಬಿಡದೆ ಓಡಾಡಿದ್ದರಿಂದ ಮಾತ್ರ ಈ ವಿಷಯ ಉಳಿಯಿತು. ಆ ಕಳೆದುಹೋದ ವರ್ಷಗಳ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಆ ವರ್ಷಗಳಲ್ಲಿ ಎಷ್ಟೊಂದು ಹುಡುಗರು ಸಾಲಾಗಿ ನಿಂತು, ಕೋಚ್ ಎಸೆದ ಚೆಂಡಿಗೆ ತಲೆ ಕೊಟ್ಟಿರುತ್ತಾರೆ, ಅಲ್ವಾ?

2019ರಲ್ಲಿ ಗ್ಲಾಸ್ಗೋದ ಮೊದಲ ದೊಡ್ಡ ಅಧ್ಯಯನ ಬಂತು. 1900ರಿಂದ 1976ರ ನಡುವೆ ಹುಟ್ಟಿದ 7,676 ಮಾಜಿ ವೃತ್ತಿಪರ ಆಟಗಾರರನ್ನು ಅವರದೇ ವಯಸ್ಸಿನ, ಅಂಥದೇ ಹಿನ್ನೆಲೆಯ 23,000ಕ್ಕೂ ಹೆಚ್ಚು ಸಾಮಾನ್ಯ ಜನರ ಜೊತೆ ಹೋಲಿಸಿ ನೋಡಿದರು. ಆಟಗಾರರು ಹೃದಯದ ಕಾಯಿಲೆಯಿಂದ ಸಾಯುವುದು ಕಡಿಮೆ. ಶ್ವಾಸಕೋಶದ ಕ್ಯಾನ್ಸರ್‌ನಿಂದಲೂ ಕಡಿಮೆ. ಮಿದುಳು ಸವೆಯುವ ಕಾಯಿಲೆಯಿಂದ ಸಾಯುವುದು ಮಾತ್ರ ಮೂರೂವರೆ ಪಟ್ಟು ಜಾಸ್ತಿ. ಎರಡು ವರ್ಷದ ನಂತರ ಅದೇ ತಂಡ ಸ್ಥಾನವಾರು ಬಿಡಿಸಿ ನೋಡಿದಾಗಲೇ ಡಿಫೆಂಡರ್‌ಗಳ ಆ 5 ಪಟ್ಟು ಕಂಡದ್ದು. ಹೆಚ್ಚು ವರ್ಷ ಆಡಿದವರಲ್ಲಿ ಅಪಾಯವೂ ಹೆಚ್ಚು. ಸುಮಾರು 20 ವರ್ಷ ಒಂದೇ ಕ್ಲಬ್ಬಿನ ಸೆಂಟರ್ ಹಾಫ್ ಆಗಿದ್ದ ಜಾಕ್ ಎರಡೂ ಲೆಕ್ಕಕ್ಕೆ ಸೇರುತ್ತಾರೆ.

ಅದೆಲ್ಲ ಹಳೆಯ ಚರ್ಮದ ಚೆಂಡಿನ ಕಾಲದ್ದು, ಮಳೆಯಲ್ಲಿ ನೆಂದು ಕಲ್ಲಾಗುತ್ತಿತ್ತು, ಈಗಿನ ಚೆಂಡು ಹಗುರ ಎಂಬ ಮಾತನ್ನು ನೀವೂ ಕೇಳಿರಬಹುದು. ಒಣ ಚೆಂಡಿನ ತೂಕ ಆಗಲೂ ಈಗಲೂ ಹೆಚ್ಚುಕಡಿಮೆ 410ರಿಂದ 450 ಗ್ರಾಂ. ಹಳೆಯದು ನೆಂದಾಗ ಭಾರ ಆಗುತ್ತಿದ್ದದ್ದು ನಿಜ. ಆದರೆ ಭಾರದ ಚೆಂಡು ನಿಧಾನವಾಗಿ ಬರುತ್ತದೆ, ದೂರವೂ ಹೋಗುವುದಿಲ್ಲ. ಈಗಿನದು ನೀರು ಕುಡಿಯುವುದಿಲ್ಲ, ಅದಕ್ಕೇ ಜೋರಾಗಿ ಬರುತ್ತದೆ. ಬೇರೆ ಬೇರೆ ದಶಕಗಳಲ್ಲಿ ಹುಟ್ಟಿದ ಆಟಗಾರರನ್ನು ಗ್ಲಾಸ್ಗೋ ತಂಡ ಹೋಲಿಸಿದಾಗ ಅಪಾಯ ಇಳಿದದ್ದು ಕಾಣಲಿಲ್ಲ. ಹಾಗಾಗಿ ಚರ್ಮದ ಚೆಂಡಿನ ಮೇಲೆ ತಪ್ಪು ಹೊರಿಸಿ ನೆಮ್ಮದಿಯಾಗಿರಲು ಆಗುವುದಿಲ್ಲ.

1966ರ ಫೈನಲ್ ಆಡಿದ ಹನ್ನೊಂದು ಜನರಲ್ಲಿ ಐವರಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಬಂತು. ರೇ ವಿಲ್ಸನ್, ಮಾರ್ಟಿನ್ ಪೀಟರ್ಸ್, ನಾಬಿ ಸ್ಟೈಲ್ಸ್, ಜಾಕ್, ಬಾಬಿ. ಆ ಜುಲೈ 30ರ ಮಧ್ಯಾಹ್ನ, ಕೊನೆಯ ಸೀಟಿ ಊದಿದಾಗ ಜಾಕ್ ಮೊಣಕಾಲೂರಿ ಮುಖ ಮುಚ್ಚಿಕೊಂಡು ಕುಸಿದರು. ಆ ಚಿತ್ರ ನೋಡಿದವರು ಮರೆಯುವುದಿಲ್ಲ. ಅದಕ್ಕೆ ನಾಲ್ಕು ದಿನ ಮೊದಲು ಪೋರ್ಚುಗಲ್ ಮೇಲೆ ಸೆಮಿಫೈನಲ್ ಇತ್ತು. ಮಕ್ಕಳಿಬ್ಬರೂ ಆಡುತ್ತಿದ್ದರೂ ಅಪ್ಪ ಬಾಬ್ ನೋಡಲಿಲ್ಲ. ಅವರಿಗೆ ಅವತ್ತು ಗಣಿಯಲ್ಲಿ ಪಾಳಿ ಇತ್ತು. ತಮ್ಮ ಬಾಬಿ ಎರಡು ಗೋಲು ಹೊಡೆದಾಗ ಅಪ್ಪ ಕೆಲಸದಲ್ಲಿದ್ದರು.

ಆಟ ಬಿಟ್ಟ ಮೇಲೆ ಜಾಕ್ ಮ್ಯಾನೇಜರ್ ಆದರು. ಮಿಡಲ್ಸ್‌ಬರೋ, ಶೆಫೀಲ್ಡ್ ವೆನ್ಸ್‌ಡೇ, ನ್ಯೂಕಾಸಲ್. 1986ರಿಂದ ಐರ್ಲೆಂಡ್. ಅಲ್ಲಿ ಅವರನ್ನು ಪ್ರೀತಿಸಿದ ಪರಿಯೇ ಬೇರೆ. 1988ರ ಯೂರೋ ಕಪ್‌ನಲ್ಲಿ ಅವರ ತಂಡ ಇಂಗ್ಲೆಂಡನ್ನೇ ಸೋಲಿಸಿತು. 1990ರಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್, 1994ರಲ್ಲಿ ಇಟಲಿ ಮೇಲೆ ಗೆಲುವು. ಚೆಂಡನ್ನು ಎದುರಾಳಿ ಡಿಫೆಂಡರ್‌ಗಳ ಹಿಂದೆ ಉದ್ದಕ್ಕೆ ಒದೆಯಿರಿ, ಅವರನ್ನು ಒತ್ತಡಕ್ಕೆ ಸಿಕ್ಕಿಸಿ. ಇದು ಅವರ ಪಾಠ. ಗಾಳಿಯಲ್ಲಿ ಚೆಂಡು ಜಾಸ್ತಿ ಹೊತ್ತು ಇರುವ ಆಟ.

ಕೊನೆಯ ವರ್ಷಗಳಲ್ಲಿ ಆ ನೆನಪುಗಳೇ ಅವರಿಂದ ಜಾರತೊಡಗಿದವು. ಲಿಂಫೋಮಾ ಎಂಬ ಕ್ಯಾನ್ಸರ್ ಕೂಡ ಇತ್ತು. 2020ರ ಜುಲೈ 10ರಂದು, 85ನೇ ವಯಸ್ಸಿನಲ್ಲಿ, ನಾರ್ಥಂಬರ್‌ಲ್ಯಾಂಡ್‌ನ ಮನೆಯಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಬಾಬಿಗೂ ಡಿಮೆನ್ಶಿಯಾ ಇರುವ ಸುದ್ದಿ ಬಂತು. ಬಾಬಿ 2023ರ ಅಕ್ಟೋಬರ್‌ನಲ್ಲಿ ಹೋದರು.

ಜಾಕ್ ಅವರ ಮರೆವಿಗೆ ಹೆಡರ್‌ಗಳೇ ಕಾರಣ ಎಂದು ನಾನು ಬರೆಯಲಾರೆ. 85 ವರ್ಷ ಬದುಕಿದವರಿಗೆ ಚೆಂಡು ಮುಟ್ಟದಿದ್ದರೂ ಡಿಮೆನ್ಶಿಯಾ ಬರಬಹುದು. ಅಣ್ಣತಮ್ಮ ಇಬ್ಬರಿಗೂ ಬಂದಾಗ ವಂಶದ ಪ್ರಶ್ನೆಯೂ ಏಳುತ್ತದೆ. ಒಬ್ಬ ವ್ಯಕ್ತಿಯ ವಿಷಯದಲ್ಲಿ ಇದು ಹೀಗೇ ಎಂದು ಬೆರಳು ತೋರಿಸುವುದು ಕಷ್ಟ. ಬೀಡಿ ಸೇದಿದ ಪ್ರತಿಯೊಬ್ಬರಿಗೂ ಕ್ಯಾನ್ಸರ್ ಬರುವುದಿಲ್ಲ. ಹಾಗೆಂದು ಬೀಡಿಯ ತಪ್ಪಿಲ್ಲ ಎನ್ನುತ್ತೇವೆಯೇ? ಅದಕ್ಕೇ ಸಾವಿರಾರು ಜನರ ಲೆಕ್ಕ ಬೇಕಾಗುವುದು. ಆ ಲೆಕ್ಕದಲ್ಲಿ ಗೋಲ್‌ಕೀಪರ್ ಮತ್ತು ಡಿಫೆಂಡರ್ ನಡುವಿನ ಅಂತರ ನನಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಇಬ್ಬರ ಬದುಕಿನಲ್ಲಿ ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ.

ಒಬ್ಬರ ಮಿದುಳನ್ನು ಪರೀಕ್ಷಿಸಿದಾಗ ಮಾತ್ರ ಬೆರಳು ತೋರಿಸಬಹುದು. ಗಾರ್ಡನ್ ಮೆಕ್ವೀನ್ ವಿಷಯದಲ್ಲಿ ಹಾಗಾಯಿತು. ಸ್ಕಾಟ್ಲೆಂಡಿನ ಈ ಡಿಫೆಂಡರನ್ನು ಲೀಡ್ಸ್ 1972ರಲ್ಲಿ ಕೊಂಡದ್ದು ಜಾಕ್ ಅವರ ಜಾಗ ತುಂಬಲೆಂದೇ. ಅದೇ ಜಾಗ, ಅದೇ ಕೆಲಸ. 2023ರಲ್ಲಿ 70ನೇ ವಯಸ್ಸಿಗೆ ತೀರಿಕೊಂಡರು. ಮಿದುಳಿನಲ್ಲಿ ಸಿಟಿಇ ಸಿಕ್ಕಿತು. ತಲೆಯಿಂದ ಚೆಂಡು ಹೊಡೆದದ್ದು ಅದಕ್ಕೆ ಕಾರಣಗಳಲ್ಲಿ ಒಂದಾಗಿರುವ ಸಾಧ್ಯತೆಯೇ ಹೆಚ್ಚು ಎಂದು 2026ರ ಆರಂಭದಲ್ಲಿ ಸಾವಿನ ತನಿಖೆಯ ಅಧಿಕಾರಿ ತೀರ್ಮಾನಿಸಿದರು.

ಈಗ ಹಣದ ಮಾತು. ಬ್ರಿಟನ್‌ನಲ್ಲಿ ಕೆಲಸದಿಂದ ಬರುವ ಕಾಯಿಲೆಗಳ ಒಂದು ಸರ್ಕಾರಿ ಪಟ್ಟಿ ಇದೆ. ಅದರಲ್ಲಿರುವ ಕಾಯಿಲೆ ಬಂದರೆ ಸರ್ಕಾರದಿಂದ ನೆರವು ಸಿಗುತ್ತದೆ. ಗಣಿ ಕಾರ್ಮಿಕರ ಎದೆ ಧೂಳಿನ ಕಾಯಿಲೆ ಅದರಲ್ಲಿ ದಶಕಗಳಿಂದ ಇದೆ. ಫುಟ್‌ಬಾಲ್ ಆಟಗಾರರ ಡಿಮೆನ್ಶಿಯಾವನ್ನೂ ಸೇರಿಸಿ ಎಂದು ಆಟಗಾರರ ಸಂಘ ಪಿಎಫ್‌ಎ ಕೇಳುತ್ತ ಬಂದಿದೆ. ಪಟ್ಟಿಗೆ ಸೇರಿಸುವಾಗ ಸಾಮಾನ್ಯವಾಗಿ ನೋಡುವ ಅಳತೆ ಒಂದು: ಆ ಕೆಲಸದಿಂದ ಕಾಯಿಲೆಯ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ ಆಗಬೇಕು. ಗ್ಲಾಸ್ಗೋದ ಅಂಕಿ ಇದನ್ನು ದಾಟುತ್ತದೆ. ಆದರೆ 2023ರಲ್ಲಿ ಬಂದ ಸ್ವೀಡನ್‌ನ ಅಧ್ಯಯನದಲ್ಲಿ 6,007 ಆಟಗಾರರನ್ನು ನೋಡಿದಾಗ ಅಪಾಯ ಸುಮಾರು ಒಂದೂವರೆ ಪಟ್ಟು ಮಾತ್ರ ಇತ್ತು. ಸ್ವೀಡನ್‌ನ ಆಟಗಾರರು ಬಹುಕಾಲ ಹವ್ಯಾಸಿಗಳಾಗಿದ್ದವರು, ಅಭ್ಯಾಸ ಕಡಿಮೆ ಇದ್ದಿರಬಹುದು. ಅಲ್ಲಿಯೂ ಗೋಲ್‌ಕೀಪರ್‌ಗಳಲ್ಲಿ ಹೆಚ್ಚಿನ ಅಪಾಯ ಕಾಣಲಿಲ್ಲ ಎಂಬುದನ್ನು ಗಮನಿಸಿ. ದಿಕ್ಕು ಒಂದೇ, ಅಳತೆ ಬೇರೆ. ಈ ಅಳತೆಯ ಚರ್ಚೆಯಲ್ಲೇ ಹಳೆಯ ಆಟಗಾರರ ಹೆಂಡತಿ ಮಕ್ಕಳ ವರ್ಷಗಳು ಕಳೆಯುತ್ತಿವೆ.

ಮರೆಯಬಾರದ ಇನ್ನೊಂದು ಸಂಗತಿ ಇದೆ. 1961ರವರೆಗೆ ಇಂಗ್ಲೆಂಡಿನಲ್ಲಿ ಆಟಗಾರರ ಸಂಬಳಕ್ಕೆ ಮಿತಿ ಇತ್ತು, ವಾರಕ್ಕೆ 20 ಪೌಂಡ್. ಇಂದಿನ ಕೋಟಿಗಳನ್ನು ನೋಡಿ ಅಂದಿನವರನ್ನು ಅಳೆಯುವುದು ತಪ್ಪು. ದಿನರಾತ್ರಿ ನೋಡಿಕೊಳ್ಳುವವರು ಬೇಕಾದಾಗ ಆ ಮನೆಗಳಲ್ಲಿ ಕೂಡಿಟ್ಟ ಹಣ ಎಷ್ಟಿರುತ್ತದೆ? 2023ರಲ್ಲಿ ಪ್ರೀಮಿಯರ್ ಲೀಗ್ ಮತ್ತು ಪಿಎಫ್‌ಎ ಸೇರಿ 10 ಲಕ್ಷ ಪೌಂಡ್‌ಗಳ ನಿಧಿ ಶುರು ಮಾಡಿದವು. ಹ್ಯಾರಿ ಮ್ಯಾಗ್ವೈರ್ ಎಂಬ ಒಬ್ಬ ಇಂಗ್ಲಿಷ್ ಡಿಫೆಂಡರ್‌ಗೆ 2019ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೊಟ್ಟ ಬೆಲೆ 8 ಕೋಟಿ ಪೌಂಡ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಲವು ಕುಟುಂಬಗಳು ಈಗ ಫುಟ್‌ಬಾಲ್ ಸಂಸ್ಥೆಗಳ ಮೇಲೆ ಲಂಡನ್ನಿನ ಹೈಕೋರ್ಟಿಗೆ ಹೋಗಿವೆ. ನನಗೆ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ಒಳ್ಳೆಯ ಸುದ್ದಿ ಇದೆ. 2020ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳ ಅಭ್ಯಾಸದಿಂದ ಹೆಡರ್ ತೆಗೆದರು. 2024ರಿಂದ ಇಂಗ್ಲೆಂಡಿನಲ್ಲಿ ಹನ್ನೊಂದರ ಒಳಗಿನ ಮಕ್ಕಳ ಪಂದ್ಯಗಳಿಂದಲೂ ಹಂತಹಂತವಾಗಿ ತೆಗೆಯುತ್ತಿದ್ದಾರೆ. ಮಕ್ಕಳ ಕತ್ತಿನ ಸ್ನಾಯು ಎಳೆಯದು, ಮೈಗೆ ಹೋಲಿಸಿದರೆ ತಲೆ ದೊಡ್ಡದು. ಹೆಡರ್ ಇಲ್ಲದಿದ್ದರೆ ಚೆಂಡು ನೆಲದ ಮೇಲೆ ಜಾಸ್ತಿ ಹೊತ್ತು ಇರುತ್ತದೆ, ಕಾಲಿನ ಆಟವೂ ಚೆನ್ನಾಗಿ ಬರುತ್ತದೆ. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳನ್ನು ಫುಟ್‌ಬಾಲ್ ಕ್ಲಾಸಿಗೆ ಬಿಡುವ ಅಪ್ಪ ಅಮ್ಮಂದಿರು ಕೋಚ್ ಹತ್ತಿರ ಇದನ್ನು ಕೇಳಲು ಹಿಂಜರಿಯಬೇಕಿಲ್ಲ.

ದೊಡ್ಡವರ ವಿಷಯ ಇಷ್ಟು ಸಲೀಸಲ್ಲ. 2021ರಿಂದ ಇಂಗ್ಲೆಂಡಿನಲ್ಲಿ ಒಂದು ಸೂಚನೆ ಇದೆ. ಅಭ್ಯಾಸದಲ್ಲಿ ವಾರಕ್ಕೆ ಜೋರಿನ ಹೆಡರ್ ಹತ್ತಕ್ಕಿಂತ ಜಾಸ್ತಿ ಬೇಡ. ಉದ್ದದ ಪಾಸ್, ಕ್ರಾಸ್, ಕಾರ್ನರ್, ಫ್ರೀ ಕಿಕ್‌ಗಳಿಂದ ಬರುವಂಥವು ಈ ಜೋರಿನ ಲೆಕ್ಕಕ್ಕೆ ಸೇರುತ್ತವೆ. ಸ್ಕಾಟ್ಲೆಂಡಿನಲ್ಲಿ 2022ರಿಂದ ಪಂದ್ಯದ ಹಿಂದಿನ ದಿನ ಮತ್ತು ಮರುದಿನ ಹೆಡರ್ ಅಭ್ಯಾಸ ಬೇಡ ಎಂದಿದ್ದಾರೆ. ಪಂದ್ಯದಲ್ಲಿ ಮಿತಿಯೇ ಇಲ್ಲ. ಇದೇ ಹೊತ್ತಿಗೆ ಆಟದ ಗಾಳಿ ತಿರುಗಿದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಪ್ರೀಮಿಯರ್ ಲೀಗ್ ಋತುವಿನಲ್ಲಿ ಉದ್ದದ ಥ್ರೋ ಇನ್‌ಗಳು ಜೋರಾಗಿ ಮರಳಿದವು. ಕಾರ್ನರ್‌ಗೆಂದೇ ಬೇರೆ ಕೋಚ್‌ಗಳಿದ್ದಾರೆ. ಗೋಲು ಬೇಕಾದರೆ ಎತ್ತರದ ಡಿಫೆಂಡರ್ ತಲೆಯನ್ನು ಹುಡುಕಿ ಚೆಂಡು ಹಾಕುತ್ತಾರೆ. ಅಂದರೆ ಒಂದು ಕೈ ಹೆಡರ್ ಕಡಿಮೆ ಮಾಡಿ ಎನ್ನುತ್ತಿದೆ, ಇನ್ನೊಂದು ಕೈ ಅದಕ್ಕೇ ಸಂಬಳ ಕೊಡುತ್ತಿದೆ.

ಆಶಿಂಗ್‌ಟನ್‌ನಿಂದ ಸ್ವಲ್ಪವೇ ದೂರದಲ್ಲಿ ಬ್ಲೈತ್ ಎಂಬ ಊರಿದೆ. ಅಲ್ಲಿ ಹುಟ್ಟಿದವರು ನ್ಯೂಕಾಸಲ್‌ನ ಡಿಫೆಂಡರ್ ಡ್ಯಾನ್ ಬರ್ನ್. ಆರೂವರೆ ಅಡಿ ಎತ್ತರ. ಹುಡುಗನಾಗಿದ್ದಾಗ ನ್ಯೂಕಾಸಲ್ ಅವರನ್ನು ಬೇಡ ಎಂದು ಕಳಿಸಿತ್ತು. ಸೂಪರ್ ಮಾರ್ಕೆಟ್‌ನಲ್ಲಿ ಟ್ರಾಲಿ ಎಳೆದವರು. ಇಂಗ್ಲೆಂಡ್ ಪರ ಮೊದಲ ಪಂದ್ಯ ಆಡಿದ್ದು 32ನೇ ವಯಸ್ಸಿನಲ್ಲಿ, ಜಾಕ್‌ಗಿಂತಲೂ ತಡವಾಗಿ. 2025ರ ಮಾರ್ಚ್ 16ರಂದು ವೆಂಬ್ಲಿಯಲ್ಲಿ ಲೀಗ್ ಕಪ್ ಫೈನಲ್. ಕೀರನ್ ಟ್ರಿಪ್ಪಿಯರ್ ಹಾಕಿದ ಕಾರ್ನರ್‌ಗೆ ಬರ್ನ್ ದೂರದಿಂದಲೇ ತಲೆ ಕೊಟ್ಟರು. ಗೋಲು. ಲಿವರ್‌ಪೂಲ್ ಸೋತಿತು. 70 ವರ್ಷಗಳ ನಂತರ ನ್ಯೂಕಾಸಲ್‌ಗೆ ದೇಶದೊಳಗಿನ ದೊಡ್ಡ ಕಪ್ ಬಂತು. ಹಿಂದಿನದು 1955ರ ಎಫ್‌ಎ ಕಪ್. ಆ ಫೈನಲ್‌ನ ಮೊದಲ ನಿಮಿಷದಲ್ಲೇ ಗೋಲು ಹೊಡೆದವರು ಆಶಿಂಗ್‌ಟನ್‌ನ ಜಾಕಿ ಮಿಲ್‌ಬರ್ನ್. ಅದೂ ಹೆಡರ್. ಬರ್ನ್ ಅವರ ಆ ಗೋಲನ್ನು ಎಷ್ಟು ಸಲ ನೋಡಿದರೂ ಮೈ ನವಿರೇಳುತ್ತದೆ. ಆಟದಿಂದ ಇದನ್ನು ತೆಗೆದುಬಿಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಾನು ಕೇಳುವುದು ಬೇರೆ. ಪ್ರತಿ ಪಂದ್ಯ ಮುಗಿದ ಮೇಲೆ ಡಿಫೆಂಡರ್ ಗಾಳಿಯಲ್ಲಿ ಎಷ್ಟು ಚೆಂಡು ಗೆದ್ದ, ತಲೆಯಿಂದ ಎಷ್ಟು ಚೆಂಡು ಹೊರಗೆ ಹಾಕಿದ ಎಂಬ ಲೆಕ್ಕ ಮೊಬೈಲ್‌ನಲ್ಲೇ ಸಿಗುತ್ತದೆ. ಜಾಕ್ ಕಾಲದಲ್ಲಿ ಯಾರೂ ಎಣಿಸುತ್ತಿರಲಿಲ್ಲ, ಈಗ ಎಣಿಸುತ್ತಿದ್ದಾರೆ. ಆದರೆ ಆ ಎಣಿಕೆ ಹೋಗುವುದು ಆಟಗಾರನ ಬೆಲೆ ಕಟ್ಟುವವರ ಹತ್ತಿರ. ಅದೇ ಅಂಕಿ, ಅಭ್ಯಾಸದ ಹೆಡರ್‌ಗಳನ್ನೂ ಸೇರಿಸಿ, ಆಟಗಾರನ ವೈದ್ಯಕೀಯ ದಾಖಲೆಗೂ ಹೋಗಬೇಕು. ಕ್ಲಬ್ ಬದಲಾದಾಗ ಅವನ ಜೊತೆಯೇ ಸಾಗಬೇಕು. ಅರವತ್ತರ ವಯಸ್ಸಿನಲ್ಲಿ ಅವನ ಹೆಂಡತಿ ವೈದ್ಯರ ಮುಂದೆ ಕೂತಾಗ, ಇವರು ಇಷ್ಟು ಸಲ ಹೆಡ್ ಮಾಡಿದ್ದಾರೆ ಎಂದು ಆ ಹಾಳೆಯನ್ನು ಮೇಜಿನ ಮೇಲೆ ಇಡಲು ಆಗಬೇಕು.